ಅತ್ತೆ ತಿಂದ ಬಸುರಿಯ ಉಂಡೆ

ಬಸುರಿಯರಿಗೆ ಉಣ್ಣಿಸುವ ಕೆಲಸಕ್ಕೆ ಸೇರಿದವರು ದುಡ್ಡು ಕೊಟ್ಟು ನಾಟಕ ನೋಡಬೇಕಾಗಿಲ್ಲ. ಎಂಬತ್ತರ ದಶಕದಲ್ಲಿ ಮೆಟ್ಟುಪಾಳ್ಯಂ ಹತ್ತಿರ, ಕನ್ನಡ ಮನೆಮಾತಿನ ನಮ್ಮ ನೇಕಾರರ ಬೀದಿಯ ಬಾಲವಾಡಿಯಲ್ಲಿ ನಾನಿದ್ದೆ. ಬಸುರಿಯರಿಗೂ ಪುಟ್ಟ ಮಕ್ಕಳಿಗೂ ತೂಕ ನೋಡಿ, ಹುರಿದ ಸತ್ತುಮಾವಿಗೆ, ಅಂದರೆ ಕಾಳು-ಧಾನ್ಯದ ಹಿಟ್ಟಿಗೆ, ಬೆಲ್ಲ ಹಾಕಿ ಕಟ್ಟಿದ ಉಂಡೆ ಕೊಡುವುದು ನನ್ನ ಕೆಲಸ. ನಾಟಕ ಎಲ್ಲ ಮನೆಯಲ್ಲೂ ನಡೆಯುತ್ತಿತ್ತು. ಆದರೆ ಮೂಲೆಮನೆಯ ಅತ್ತೆಯವರದ್ದನ್ನು ಮೀರಿಸಿದವರು ಯಾರೂ ಇಲ್ಲ.

ಕಾಲು ನಿಲ್ಲದ ಹುಡುಗ

ಮೂಲೆಮನೆಗೆ ಒಬ್ಬ ಮೊಮ್ಮಗ. ನಾಲ್ಕು ವರ್ಷದವನು. ಕೂರಿಸಿದರೆ ಏಳುತ್ತಾನೆ, ಕಥೆ ಹೇಳಿದರೆ ರಾಜ ಬರುವಷ್ಟರಲ್ಲಿ ಬಾಗಿಲಾಚೆ ಇರುತ್ತಾನೆ. ಇವನು ಯಾಕೆ ಹೀಗೆ ಅಂತ ಕೇಳಿದರೆ ಬೀದಿಯಲ್ಲಿ ಮನೆಗೊಂದು ಉತ್ತರ. ಎಲ್ಲ ಉತ್ತರವೂ ಅವನಮ್ಮನ ಹೊಟ್ಟೆಗೇ ಬಂದು ನಿಲ್ಲುತ್ತಿತ್ತು.

"ಬಸುರಿ ಇರೋವಾಗ ಇವಳು ಮಗ್ಗ ತುಳಿದಳಲ್ಲ, ಅದುಕ್ಕೇ ಕೂಸಿನ ಕಾಲು ನಿಲ್ಲದು" ಎಂದರು ಎದುರುಮನೆಯವರು.

"ಮಗ್ಗ ಅಲ್ಲ ಕಣಮ್ಮ, ಬಾಳೆಹಣ್ಣು!" ಎಂದರು ಅತ್ತೆ. "ಬೆಟ್ಟದ ಕೋವಿಲಿಗೆ ಹೋಗಿದ್ದಾಗ ಕುರಂಗು ಅರ್ಧ ಕಿತ್ಕೊಂಡು ಹೋಯ್ತು. ಉಳಿದ ಅರ್ಧ ಇವಳು ತಿಂದುಬಿಟ್ಟಳು. ಆವತ್ತೇ ನಂಗೆ ಸಂದೇಹ."

ಕೋತಿಯ ಎಂಜಲು ತಿಂದರೆ ಕೋತಿ ಬುದ್ಧಿ ಬರುತ್ತದೆಯೇ ಎಂದು ನಾನು ಕೇಳಿದೆ. "ಟೀಚರಮ್ಮ, ಹುಡುಗ ಮರದ ಮೇಲಿದಾನೆ. ಮೊದಲು ಇಳಿಸಿ, ಆಮೇಲೆ ವಾದ ಮಾಡಿ" ಎಂದರು.

ಒಂದೇ ಮನೆ ತಾನೇ?

ನಗುವ ಮಾತು ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಸೊಸೆ ಮತ್ತೆ ಬಸುರಿಯಾದಳು. ಎರಡನೆಯದೂ ಹೀಗೇ ಹುಟ್ಟಬಾರದೆಂದು ಅತ್ತೆ ಪಥ್ಯ ಶುರುಮಾಡಿದರು. ಬಾಳೆಹಣ್ಣು ಬೇಡ, ಮೊಟ್ಟೆ ಉಷ್ಣ, ಮೊಸರು ಶೀತ, ನುಗ್ಗೆಸೊಪ್ಪು ವಾಯು. ಉಳಿದದ್ದು ತಿಳಿಸಾರು, ಅನ್ನ, ನಾಲ್ಕು ಸುಟ್ಟ ಹಪ್ಪಳ. ಸೊಸೆಯ ಕಣ್ಣರೆಪ್ಪೆಯ ಒಳಗೆಲ್ಲ ಬಿಳಿಚಿಕೊಂಡಿತ್ತು.

ನಮ್ಮ ಉಂಡೆಯಾದರೂ ಹೊಟ್ಟೆಗೆ ಬೀಳಲಿ ಎಂದು ಕಾದೆ. ಉಂಡೆಯನ್ನು ನಮ್ಮ ಕಣ್ಣೆದುರಿಗೇ ತಿನ್ನಬೇಕು ಎಂಬುದು ಅಲ್ಲಿಯ ನಿಯಮ. ಬಂದವರು ಸೊಸೆಯಲ್ಲ, ಅತ್ತೆ. ಉಂಡೆ ಎತ್ತಿಕೊಂಡು ನನ್ನ ಕಣ್ಣೆದುರಿಗೇ ಬಾಯಿಗೆ ಹಾಕಿಕೊಂಡರು.

"ಅಯ್ಯೋ, ಅದು ಬಸುರಿಗೆ!"

"ಒಂದೇ ಮನೆ ತಾನೇ? ನಿಮ್ಮ ರೂಲ್ಸೂ ಕೆಡಲಿಲ್ಲ, ಅವಳ ಪಥ್ಯಾನೂ ಕೆಡಲಿಲ್ಲ."

ದಿನವೂ ಇದೇ ಆಯಿತು. ಬಸುರಿಯರ ತೂಕ ನೋಡುವ ದಿನ ಸೊಸೆಯ ತೂಕ ಇದ್ದಲ್ಲೇ ಇತ್ತು. ಹಿಂದೆ ನಿಂತಿದ್ದ ಅತ್ತೆ ಸೆರಗು ಸಿಕ್ಕಿಸಿಕೊಂಡು ತಾವೇ ತಕ್ಕಡಿ ಹತ್ತಿದರು. "ನೋಡಿ ಟೀಚರಮ್ಮ, ಏರಿದೆ ಅಲ್ವಾ? ನಿಮ್ಮ ಉಂಡೆ ಒಳ್ಳೇದು. ನನ್ನ ಮೊಣಕಾಲು ನೋವೂ ಹೋಯ್ತು!"

ಏನೂ ತಿನ್ನದ ಕೂಸು

ಮೊಮ್ಮಗನ ವಿಷಯದಲ್ಲಿ ಅವರ ದೂರು ಬೇರೆ. "ತಟ್ಟೆ ಮುಂದೆ ಕೂರೋದೇ ಇಲ್ಲ. ಒಂದು ತುತ್ತು ತಿಂದು ಓಡ್ತಾನೆ. ಹೀಗೇ ಆದ್ರೆ ಕೂಸು ಬದುಕೀತಾ?" ಎಂದು ಕಣ್ಣೊರೆಸಿಕೊಂಡರು. ಆ ಅಳು ನಿಜವಾದದ್ದು. ಮೊಮ್ಮಗನೆಂದರೆ ಅವರಿಗೆ ಪ್ರಾಣ.

ಒಂದು ಮಧ್ಯಾಹ್ನ ನಾನು ಹುಡುಗನ ಹಿಂದೆಯೇ ಹೊರಟೆ. ಮನೆಯಲ್ಲಿ ಒಂದು ತುತ್ತು ತಿಂದು ಓಡಿದ. ಪಕ್ಕದ ಮನೆಯಲ್ಲಿ ಇಡ್ಲಿ. ಎದುರುಮನೆಯಲ್ಲಿ ರಾಗಿ ಕಳಿ. ಬೀದಿಯಲ್ಲಿ ಮಗ್ಗಕ್ಕೆ ನೂಲು ಹಾಸುತ್ತಿದ್ದವರ ಬುತ್ತಿಯಲ್ಲಿ ಮೊಸರನ್ನ. ಆಮೇಲೆ ನನಗಿಂತ ಮೊದಲು ಬಾಲವಾಡಿ ಸೇರಿ ಉಂಡೆಗೆ ಕೈ ಚಾಚಿ ನಿಂತಿದ್ದ. ಪಾಪ ಕೂಸು ಉಂಡಿಲ್ಲ ಎಂದು ಪ್ರತಿ ಮನೆಯವರೂ ಮರುಗುತ್ತಿದ್ದರು. ಮಕ್ಕಳ ತೂಕ ನೋಡಿದ ದಿನ ಇಡೀ ಬೀದಿಗೆ ಅವನೇ ಮೊದಲು.

ಅತ್ತೆಗೆ ಹೇಳಿದೆ. "ತಕ್ಕಡಿ ರಿಪೇರಿ ಮಾಡಿಸಿ" ಎಂದರು.

ಡಾಕ್ಟರಮ್ಮನ ಪ್ರಶ್ನೆ

ಕೊನೆಗೆ ಸೊಸೆ ಮಗ್ಗದ ಹತ್ತಿರ ತಲೆಸುತ್ತಿ ಬಿದ್ದಳು. ನಾನು ಅಂದು ನಿಜಕ್ಕೂ ರೇಗಿದೆ. "ಈಗಲೇ ಆಸ್ಪತ್ರೆಗೆ ಹೊರಡಿ, ಇಲ್ಲದಿದ್ದರೆ ನಾನು ಈ ಬಾಗಿಲಲ್ಲೇ ಕೂರ್ತೀನಿ" ಎಂದೆ. "ಹೊರಡ್ತೀವಿ. ಈ ಹುಡುಗನ್ನೂ ಕರ್ಕೊಂಡು ಬರ್ತೀನಿ. ಬಾಳೆಹಣ್ಣಿನ ಪರಿಣಾಮ ಡಾಕ್ಟರೂ ನೋಡಲಿ" ಎಂದರು ಅತ್ತೆ. ನಾನೂ ಜೊತೆಗೇ ಹೊರಟೆ.

ಡಾಕ್ಟರಮ್ಮ ಸೊಸೆಯನ್ನು ಪರೀಕ್ಷಿಸಿ ಬಹಳ ಬೇಸರಪಟ್ಟರು. "ರಕ್ತವೇ ಇಲ್ಲ. ಹೀಗೇ ಬಿಟ್ಟರೆ ತಾಯಿಗೂ ಮಗುವಿಗೂ ಅಪಾಯ." ಆಮೇಲೆ ಹುಡುಗನ ಕಥೆಯನ್ನೂ ತಾಳ್ಮೆಯಿಂದ ಕೇಳಿ, ಅತ್ತೆಯನ್ನು ತಮಿಳಿನಲ್ಲಿ ಅಜ್ಜಿ ಎನ್ನುವಂತೆ 'ಪಾಟಿ' ಎಂದು ಕರೆದು ಹೇಳಿದರು. "ಕೆಲವು ಮಕ್ಕಳಿಗೆ ಗಮನ ಒಂದು ಕಡೆ ನಿಲ್ಲುವುದಿಲ್ಲ ಪಾಟಿ. ಅದಕ್ಕೆ ಅಮ್ಮ ತಿಂದ ಹಣ್ಣಿನ ಮೇಲೆ ತಪ್ಪು ಹೊರಿಸಬೇಡಿ. ಮನೆಯಲ್ಲಿ ಬೇರೆ ಯಾರಾದರೂ ಹೀಗೆ ಇದ್ದಾರಾ?"

"ಯಾರೂ ಇಲ್ಲ!" ಎಂದರು ಅತ್ತೆ. "ನಮ್ಮ ವಂಶದಲ್ಲಿ ಎಲ್ಲರೂ ಕೂತ ಜಾಗ ಬಿಡದೆ ನೇಯ್ದೋರು."

ಇದನ್ನು ಅವರು ಹೇಳಿದ್ದು ಕಿಟಕಿಯ ಹತ್ತಿರದಿಂದ. ಬಂದಾಗಿನಿಂದ ಬೆಂಚಿನ ಮೇಲೆ ಒಂದು ಗಳಿಗೆ ಕೂತವರಲ್ಲ. ಕ್ಯಾಲೆಂಡರ್ ನೆಟ್ಟಗೆ ಮಾಡಿದ್ದರು, ಔಷಧದ ಸೀಸೆಗಳನ್ನು ಎತ್ತರದ ಪ್ರಕಾರ ಜೋಡಿಸಿದ್ದರು, ಈಗ ಡಾಕ್ಟರಮ್ಮನ ಬ್ಯಾಂಡೇಜು ಬಟ್ಟೆಯನ್ನು ಮಗ್ಗದ ಕಂಡಿಕೆಗೆ ನೂಲು ಸುತ್ತಿದ ಹಾಗೆ ಸುತ್ತುತ್ತಿದ್ದರು. ಅಮ್ಮನ ಮಡಿಲಲ್ಲಿದ್ದ ಹುಡುಗ ಬಾಯಿಬಿಟ್ಟುಕೊಂಡು ಅವರನ್ನೇ ನೋಡುತ್ತಿದ್ದವನು ಕೂಗಿಬಿಟ್ಟ: "ಅಜ್ಜೀ, ಒಂದು ಜಾಗದಲ್ಲಿ ಕೂತ್ಕೋ!"

ಸೊಸೆ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಡಾಕ್ಟರಮ್ಮ ಮಾತ್ರ ನಗದೆ ಕೇಳಿದರು: "ಪಾಟಿ, ನಿಮ್ಮನ್ನು ಹೊತ್ತಿದ್ದಾಗ ನಿಮ್ಮ ಅಮ್ಮ ಏನು ತಿಂದಿದ್ದರು?"

ಅತ್ತೆಯ ಕೈ ಮೊದಲ ಬಾರಿಗೆ ನಿಂತಿತು.

"ಏನು ತಿಂದಾಳು, ಪಾಪ! ಅವಳತ್ತೆ ಏನೂ ತಿನ್ನೋಕೆ ಬಿಡಲಿಲ್ಲವಂತೆ."

ಹೇಳಿ ಮುಗಿದ ಮೇಲೆ ಆ ಮಾತು ಅವರ ಕಿವಿಗೇ ಬಿತ್ತೆಂದು ಕಾಣುತ್ತದೆ. ಬ್ಯಾಂಡೇಜನ್ನು ಮೇಜಿನ ಮೇಲಿಟ್ಟು ಸೊಸೆಯ ಕೈ ಹಿಡಿದು ಎಬ್ಬಿಸಿದರು. ಬಸ್‌ಸ್ಟ್ಯಾಂಡಿನಲ್ಲಿ ಬೇಯಿಸಿದ ಮೊಟ್ಟೆ, ಕಡಲೆಮಿಠಾಯಿ, ಒಂದು ಚಿಪ್ಪು ಬಾಳೆಹಣ್ಣು ಕೊಂಡರು.

ಬಸ್ಸಿನಲ್ಲಿ ಸೊಸೆ "ಸಾಕತ್ತೆ" ಎಂದಾಗಲೆಲ್ಲ, "ಸುಮ್ನೆ ಕೂತ್ಕೊಂಡು ತಿನ್ನು!" ಎಂದು ಗದರಿಸಿ ಇನ್ನೊಂದು ಹಣ್ಣು ಸುಲಿದರು. ಬಸ್ಸಿನಲ್ಲಿ ಬೇಕಾದಷ್ಟು ಸೀಟು ಖಾಲಿ ಇತ್ತು. ಅತ್ತೆ ಮಾತ್ರ ಊರು ಬರುವ ತನಕ ನಿಂತೇ ಬಂದರು.