ಕೋಣೆಯ ಜ್ವರಕ್ಕೆ ಗಡಿಗೆಯ ಚಿಕಿತ್ಸೆ

ನನ್ನ ಕೋಣೆಯ ಗೂಡಿನಲ್ಲಿದ್ದ ಮೇಣದಬತ್ತಿ, ಯಾರೂ ಹಚ್ಚದಿದ್ದರೂ, ಮಧ್ಯಾಹ್ನದ ಹೊತ್ತಿಗೆ ಸೊಂಟದಲ್ಲಿ ಬಾಗಿ ಗೋಡೆಗೆ ಹಣೆ ಹಚ್ಚಿ ನಿಂತಿತ್ತು. ಕರೆಂಟು ಹೋದಾಗ ಬೇಕಾಗುತ್ತದೆಂದು ಇಟ್ಟದ್ದು. ನೆಟ್ಟಗೆ ಮಾಡಲು ಹೋದರೆ ಕಣಕದ ಹಾಗೆ ಬೆರಳಿಗೆ ಮೆತ್ತಿಕೊಂಡಿತು. ಬೇರೆಯವರಾಗಿದ್ದರೆ ಮೇಣದಬತ್ತಿಯ ಜಾಗ ಬದಲಿಸುತ್ತಿದ್ದರು. ಭೌತಶಾಸ್ತ್ರ ಓದಿದವರ ತೊಂದರೆಯೆಂದರೆ, ಜಾಗವನ್ನೇ ಬದಲಿಸಬಹುದೇ ಎಂದು ಯೋಚಿಸುತ್ತಾರೆ.

ಕೊಣ್ಣೂರಿನ ನಮ್ಮ ಹಳೆಯ ಮನೆ ಮಣ್ಣಿನ ಮಾಳಿಗೆಯದಾಗಿತ್ತು. ದಪ್ಪ ಗೋಡೆ, ಮೇಲೆ ದಪ್ಪ ಮಣ್ಣು, ಬೆಳಕಿಗೆ ಒಂದು ಕಿಂಡಿ. ಹೊರಗೆ ಬಿಸಿಲು ಎಷ್ಟೇ ಆರ್ಭಟಿಸಲಿ, ಒಳಗೆ ಅದರ ಸುದ್ದಿಯೇ ಇರುತ್ತಿರಲಿಲ್ಲ. ಆದರೆ ಆ ತಂಪನ್ನು ಮನೆಮಂದಿಯೆಲ್ಲ ಒಟ್ಟಿಗೇ ಅನುಭವಿಸಬೇಕಿತ್ತು. ನಾನು ಪುಸ್ತಕ ತೆರೆದರೆ ಅದು ಯಾವುದೆಂದು ಕೇಳುತ್ತಿದ್ದರು, ಮುಚ್ಚಿದರೆ ಯಾಕೆ ಮುಚ್ಚಿದೆ ಎನ್ನುತ್ತಿದ್ದರು. ಆ ಹಳೆಯದನ್ನು ಕೆಡವಿ ಸ್ಲ್ಯಾಬಿನ ಮನೆ ಕಟ್ಟಿಸಿದಾಗ ಊರವರಿಗೆ ಕಂಡದ್ದು ಮೊಸಾಯಿಕ್ ನೆಲ. ನನಗೆ ಕಂಡದ್ದು ನನ್ನ ಪಾಲಿನ ಕೋಣೆಯ ಒಳಚಿಲಕ. ಗೋಕಾಕದ ಕಾಲೇಜಿನಲ್ಲಿ ಪಾಠ ಹೇಳಿ ಮುಗಿಸಿ, ಬಸ್ಸಿನಲ್ಲಿ ನಾಲ್ಕೂ ಕಡೆಯಿಂದ ಒತ್ತಿಸಿಕೊಂಡು ಬಂದು ಆ ಚಿಲಕ ಸರಿಸಿದಾಗ ಆಗುವ ‘ಟಕ್’ ಸದ್ದಿಗಿಂತ ಇಂಪಾದದ್ದನ್ನು ನಾನು ಕೇಳಿಲ್ಲ.

ಸ್ಲ್ಯಾಬಿನಲ್ಲಿ ಒಂದು ವಿಪರೀತ ಪ್ರಾಮಾಣಿಕತೆ ಇದೆ. ಹಗಲು ಸೂರ್ಯನಿಂದ ಪಡೆದದ್ದನ್ನು ರಾತ್ರಿ ಚಾಚೂ ತಪ್ಪದೆ ನಮಗೆ ತಲುಪಿಸುತ್ತದೆ. ಎರಡೂ ಕಡೆ ಬಾಗಿಲು, ಮೇಲೆ ಫ್ಯಾನು ಇದ್ದ ನಡುಮನೆಯಲ್ಲಿ ಹೇಗೋ ನಡೆಯುತ್ತಿತ್ತು. ಪಡುವಣ ಕಿಟಕಿಯ ನನ್ನ ಕೋಣೆ ಮಾತ್ರ ಭಟ್ಟಿ. ಎಷ್ಟು ಬಿಸಿ ಎಂದು ತಿಳಿಯುವ ಕುತೂಹಲಕ್ಕೆ ಮನೆಯಲ್ಲಿದ್ದ ಜ್ವರದ ಥರ್ಮಾಮೀಟರನ್ನು ಗೋಡೆಗೆ ತೂಗುಹಾಕಿದೆ. ಪಾದರಸ ತುದಿ ಮುಟ್ಟಿ ಅಲ್ಲೇ ಕೂತಿತು. ಆ ಥರ್ಮಾಮೀಟರಿನ ಗುಣವೇ ಹಾಗೆ, ಒಮ್ಮೆ ಏರಿದ್ದು ತಾನಾಗಿ ಇಳಿಯುವುದಿಲ್ಲ; ಈ ವಿಷಯದಲ್ಲಿ ಅದಕ್ಕೂ ಅವ್ವನ ಸಿಟ್ಟಿಗೂ ಹೋಲಿಕೆ ಇದೆ.

“ಯಾರಿಗಿ ಜ್ವರ?” ಎಂದಳು ಅವ್ವ ಅದನ್ನು ಕಂಡು.

“ಕ್ವಾಣಿಗಿ.”

“ಹಂಗಾರ ಕ್ವಾಣಿ ಬಿಡು. ನಡುಮನ್ಯಾಗ ನಮ್ಮ ಜೋಡಿ ಮಲಗು. ಅಲ್ಲಿ ಜ್ವಾಳದ ಚೀಲ ಇಡೂಣು. ಅವಕ್ಕೇನ ಶೆಕಿ ಆಗೂದಿಲ್ಲ.”

ನನ್ನ ಚಿಲಕದ ಹಿಂದೆ ಜೋಳ ಮಲಗುವುದೆಂದರೆ! ಹದಿನೈದು ದಿನ ತಡಿ ಎಂದು ಬೇಡಿಕೊಂಡೆ. ಹಳೆಯ ಮಾಳಿಗೆ ಯಾಕೆ ತಂಪಿತ್ತು? ಬಿಸಿಲಿಗೂ ನಮಗೂ ನಡುವೆ ಅವಸರವಿಲ್ಲದ ಏನೋ ಒಂದು ಇತ್ತು, ಅಷ್ಟೇ. ಈಗ ಸ್ಲ್ಯಾಬಿನ ಮೇಲೆ ಮಣ್ಣು ಹೇರುವ ಹಾಗಿಲ್ಲ. ಆದರೆ ಅಲುಗದೆ ನಿಂತ ಗಾಳಿಯೂ ಶಾಖವನ್ನು ಸುಲಭಕ್ಕೆ ದಾಟಗೊಡುವುದಿಲ್ಲ. ಅದನ್ನು ಹಿಡಿದಿಡಲು ಏನಾದರೂ ಬೇಕು. ಹಿತ್ತಲಲ್ಲಿ ಬೀಜದ ಗಡಿಗೆಗಳಿದ್ದವು. ಪ್ಲಾಸ್ಟಿಕ್ ಡ್ರಮ್ಮು ಬಂದ ಮೇಲೆ ಕೆಲಸವಿಲ್ಲದೆ ಕೂತಿದ್ದವು. ಅವನ್ನು ಮೇಲೆ ಹೊತ್ತು, ನನ್ನ ಕೋಣೆಯ ಮೇಲಿನ ಭಾಗದಲ್ಲಿ ಒತ್ತೊತ್ತಾಗಿ ಬೋರಲು ಹಾಕಿ, ಬಿಸಿಲು ಮೇಲಿನಿಂದಲೇ ವಾಪಸ್ಸು ಹೋಗಲೆಂದು ಸುಣ್ಣ ಬಳಿದೆ. ಉಳಿದ ಮಾಳಿಗೆ ಅವ್ವನ ಸಂಡಿಗೆ ಹಪ್ಪಳದ ರಾಜ್ಯ. ಅಲ್ಲಿಗೆ ನಾನು ಕಾಲಿಡಲಿಲ್ಲ.

ಮರೆತದ್ದು ಒಂದೇ. ಹೊಸ ಮನೆಗೆ ಕಣ್ಣು ಬೀಳದಿರಲೆಂದು ನಮ್ಮ ಕಡೆ ಎಲ್ಲರೂ ಸುಣ್ಣ ಬಳಿದ ಗಡಿಗೆಯೊಂದನ್ನು ಮಾಳಿಗೆಯ ಮೇಲೆ ಬೋರಲಿಡುತ್ತಾರೆ. ಒಂದು. ನಮ್ಮ ಮಾಳಿಗೆಯಲ್ಲಿ ಒಂದು ಪಲ್ಟಣವೇ ಇತ್ತು.

ಮರುದಿನ ತಮ್ಮ ಮಾಳಿಗೆಯಲ್ಲಿ ಮೆಣಸಿನಕಾಯಿ ಹರವುತ್ತಿದ್ದ ಪಕ್ಕದ ಮನೆಯ ಪದ್ಮಾಕಾಕು ಅದನ್ನು ನೋಡಿ, ಮೆಣಸಿನಕಾಯಿ ಅಲ್ಲೇ ಬಿಟ್ಟು ಇಳಿದು ಬಂದರು.

“ಏನ್ರಿ ವೈನಿ, ಹುಡಿಗಿಗಿ ಸಂಬಂಧ ಕೂಡಿತು, ನಮಗ ಹೇಳವಲ್ರಿ!”

“ಯಾವ ಸಂಬಂಧಾನವಾ?” ಎಂದಳು ಅವ್ವ.

“ಮುಚ್ಚಬ್ಯಾಡ್ರಿ. ಒಂದ್ ಮನಿಗಿ ಒಂದ್ ಗಡಿಗಿ. ಇಷ್ಟ ಹಾಕೀರಂದ್ರ ಊರ ಕಣ್ಣ ಬೀಳೂವಂಥಾ ಸಂಬಂಧನ ಕೂಡಿರಬೇಕ, ವರ ಭಾಳ ದೊಡ್ಡ ಮನಿತನದಾಂವ ಇರಬೇಕ!”

ಇಲ್ಲವೆಂದಷ್ಟೂ ಸುದ್ದಿ ಗಟ್ಟಿಯಾಯಿತು. ಒಂದು ಓಣಿಯಲ್ಲಿ ವರ ಮೂಡಲಗಿಯವನಾದ, ಮುಂದಿನದರಲ್ಲಿ ಹತ್ತರಗಿಯವನಾದ. ಗೋಕಾಕದ ಬಸ್ಸಿನಲ್ಲಿ ಗುರುತಿಲ್ಲದ ಅಜ್ಜಿಯೊಬ್ಬರು ನನ್ನ ಗದ್ದ ಹಿಡಿದು, “ಗಡಿಗಿ ಮನಿ ಹುಡಿಗಿ ನೀನ ಏನವಾ? ಹತ್ತರಗಿ ಚಲೋ ಊರ. ಹೈವೇ ಬಾಜೂಕ ಐತಿ, ಬಸ್ಸಿನ ತ್ರಾಸಿಲ್ಲ” ಎಂದು ಹರಸಿದರು. ಯಾವ ಪುಸ್ತಕ ಓದುತ್ತೇನೆಂದು ಹೇಳಲೂ ನಾಚುವವಳು ನಾನು. ಆ ದಿನ ನನ್ನ ವಿದ್ಯಾರ್ಥಿಗಳಿಬ್ಬರು ಅದೇ ಬಸ್ಸಿನಲ್ಲಿದ್ದರು.

ಇನ್ನು ವಿಜ್ಞಾನವೇ ಗತಿ. ಯಾರನ್ನೂ ಒಳಗೆ ಕರೆಯದ ನಾನು, ಆ ಭಾನುವಾರ ಮಧ್ಯಾಹ್ನ ಪದ್ಮಾಕಾಕುವನ್ನು ಕೈಹಿಡಿದು ನನ್ನ ಕೋಣೆಗೆ ಕರೆತಂದೆ. ನಿಂತ ಗಾಳಿ, ಬಿಳಿಯ ಬಣ್ಣ, ಶಾಖದ ಚಲನೆ ಎಲ್ಲ ವಿವರಿಸಿದೆ. ಅವರು ನೆಲ ಮುಟ್ಟಿದರು, ಗೋಡೆ ಮುಟ್ಟಿದರು, “ಖರೇನ ತಂಪೈತಲ್ಲ!” ಎಂದು ಸೆರಗು ಹಾಸಿ ಅಡ್ಡಾದರು. ನಾನು ಶಾಖದ ಪ್ರತಿಫಲನಕ್ಕೆ ಬರುವಷ್ಟರಲ್ಲಿ ಗೊರಕೆ ಶುರುವಾಗಿತ್ತು. ಎದ್ದು ಹೋಗುವಾಗ ಅವರಂದದ್ದು: “ಮದವಿ ಇಲ್ಲಂದ್ರೂ ಇರಲಿ ಬಿಡವಾ, ಕ್ವಾಣಿ ಮಾತ್ರ ಭಾರಿ ಐತಿ.”

ವರ ಅಂದೇ ಮಾಯವಾದ. ಅವನ ಬದಲಿಗೆ ಓಣಿಯೇ ಬಂತು. ಬಂದವರು ಬರಿಗೈಯಲ್ಲಿ ಬರಬಾರದೆಂದು ತಲೆಗೊಂದು ಬಿರುಕು ಗಡಿಗೆ ತಂದು, ಹಿತ್ತಲಲ್ಲಿ ಇಟ್ಟು, ಒಳಗೆ ಮಲಗಿದರು. ಬೇಸಿಗೆ ರಜೆಯ ಮೊದಲ ಮಧ್ಯಾಹ್ನ ನಾನು ನಡುಮನೆಯಲ್ಲಿ ಬೆವರುತ್ತ ಉತ್ತರಪತ್ರಿಕೆ ತಿದ್ದುತ್ತಿದ್ದೆ. ನನ್ನ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅವ್ವ ಅಲ್ಲಿಂದಲೇ ಕೂಗಿದಳು, “ಚಿಲಕ ಹಾಕೊಂಡೇವಿ. ಚಾ ಆತಂದ್ರ ಬಾಗಲ ಬಡಿ.” ಆ ‘ಟಕ್’ ಸದ್ದು ಹೊರಗಿನಿಂದ ಹೇಗೆ ಕೇಳುತ್ತದೆಂದು ನನಗೆ ಗೊತ್ತಾದದ್ದು ಅವತ್ತೇ.

ಮರುದಿನ ಬೆಳಿಗ್ಗೆ ಬೇಗ ಎದ್ದೆ. ಸಂಡಿಗೆಗಳು ಒಣಗಿ ಡಬ್ಬಿ ಸೇರಿದ್ದವು, ಮಾಳಿಗೆ ಖಾಲಿ ಇತ್ತು. ಓಣಿಯವರು ತಂದ ಗಡಿಗೆಗಳನ್ನೆಲ್ಲ ಮೇಲೆ ಹೊತ್ತು ನಡುಮನೆಯ ಮೇಲೆ ಬೋರಲು ಹಾಕಿ ಸುಣ್ಣ ಬಳಿದೆ. ಬರುವವರು ಇನ್ನು ಅಲ್ಲೇ ತಂಪಾಗಿ ಮಲಗಲಿ. “ಎಲ್ಲಾರ ಮ್ಯಾಲೆ ಎಷ್ಟ ಕಾಳಜಿ ನನ್ನ ಮಗಳಿಗಿ!” ಎಂದು ಅವ್ವ ಅಂಗಳದಲ್ಲಿ ನಿಂತು ಹೊಗಳಿದಳು. ನಾನು ಕೆಳಗಿಳಿದೆ. ಒಂದು ಗಡಿಗೆ ಉಳಿದಿತ್ತು. ಅದಕ್ಕೂ ಸುಣ್ಣ ಬಳಿದು, ಇದ್ದಿಲಿನಿಂದ ದಪ್ಪ ಕಣ್ಣು, ಕೋರೆಹಲ್ಲು, ಮೀಸೆ ಬರೆದು, ಸುತ್ತ ಯಾರೂ ಇಲ್ಲವೆಂದು ಖಚಿತಪಡಿಸಿಕೊಂಡು, ನನ್ನ ಕೋಣೆಯ ಹೊಸ್ತಿಲ ಪಕ್ಕ ಬೋರಲಿಟ್ಟು ಒಳಗೆ ಹೋಗಿ ಚಿಲಕ ಹಾಕಿಕೊಂಡೆ.