ಗೇಟಮ್ಮನ ಗೇಟು ದಾಟಿದ ನೆಗಡಿ

"ಮೂವತ್ತೊಂದು ವರ್ಷ ಗೇಟು ಕಾದವಳು ನಾನು! ನನ್ನ ಕಣ್ಣು ತಪ್ಪಿಸಿ ಒಂದು ಸೂಜಿ ಆಚೆ ಹೋಗಿಲ್ಲ. ಇನ್ನು ಈ ಪುಟಗೋಸಿ ನೆಗಡಿ ಯಾವ ಲೆಕ್ಕ!"

ಸೋಮವಾರ ಬೆಳಿಗ್ಗೆ ಏಳು ಗಂಟೆಗೆ ಸೊಸೆ ನಾಲ್ಕನೆಯ ಸಲ ಸೀನಿದಾಗ ಗೇಟಮ್ಮ ಸೊಂಟದ ಮೇಲೆ ಕೈಯಿಟ್ಟು ಹೀಗೆ ಘೋಷಿಸಿದಳು.

ಗೇಟಮ್ಮ ಎನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಬಟ್ಟೆ ಹೊಲಿಯುವ ಕಾರ್ಖಾನೆಯಲ್ಲಿ ಹೆಂಗಸರ ಗೇಟಿಗೆ ಕೂತು, ಬರುವವರ ಹೋಗುವವರ ಚೀಲ, ಜೇಬು, ಊಟದ ಡಬ್ಬಿ ಎಲ್ಲವನ್ನೂ ತಡವಿ ನೋಡಿ ಬಿಡುವುದು ಅವಳ ಕೆಲಸವಾಗಿತ್ತು. ಕೆಲಸದಿಂದ ಅವಳು ನಿವೃತ್ತಳಾಗಿ ಮೂರು ವರ್ಷವಾಯಿತು; ಹೆಸರು ಇನ್ನೂ ನಿವೃತ್ತಿಯಾಗಿಲ್ಲ. ಕೊರಳಲ್ಲಿ ಸೀಟಿಯೂ ಹಾಗೇ ಇದೆ. ಅದನ್ನು ಕಾರ್ಖಾನೆಯವರು ವಾಪಸ್ಸು ಕೇಳುವುದನ್ನು ಮರೆತರೋ, ಕೇಳಲು ಹೆದರಿದರೋ ಗೊತ್ತಿಲ್ಲ.

ಸೊಸೆಯೂ ಕಡಿಮೆಯವಳಲ್ಲ. ಶಾಲೆಯಲ್ಲಿ ಆಟ ಕಲಿಸುವ ಟೀಚರು. ಇನ್ನೂರು ಮಕ್ಕಳನ್ನು ಒಂದೇ ಕೂಗಿಗೆ ಸಾಲು ನಿಲ್ಲಿಸುವವಳು, ಈಗ ಹೆರಿಗೆ ರಜೆಯ ಮೇಲೆ ಮನೆಯಲ್ಲಿದ್ದಳು. ಇವರಿಬ್ಬರ ನಡುವೆ ಲಿಫ್ಟ್ ರಿಪೇರಿ ಮಾಡುವ ಮಗ. ಮೇಲೂ ಹೋಗದೆ ಕೆಳಗೂ ಇಳಿಯದೆ ಮಧ್ಯದಲ್ಲೇ ನಿಂತುಬಿಡುವ ವಿದ್ಯೆಯನ್ನು ಅವನು ಕೆಟ್ಟ ಲಿಫ್ಟುಗಳಿಂದಲೇ ಕಲಿತಿದ್ದ. ಇನ್ನು ಮೂರು ತಿಂಗಳ ಮೊಮ್ಮಗಳು. ಕೋಟಿನ ಗುಂಡಿಯ ಹಾಗೆ ದುಂಡಗಿದ್ದಳೆಂದು ಅಜ್ಜಿಯೇ ಅವಳನ್ನು ಗುಂಡಿ ಎಂದು ಕರೆದಿದ್ದಳು.

"ಇವತ್ತಿಂದ ಗುಂಡಿ ನನ್ನ ಕೋಣೇಲಿ. ನಿನ್ನ ನೆಗಡಿ ಇಳಿಯೋತನಕ ಎದೆಹಾಲು ಬಂದ್!"

"ಬಂದ್ ಮಾಡೋಕೆ ಅದೇನು ಕಾರ್ಖಾನೇನಾ ಅತ್ತೆ? ಜ್ವರ, ನೆಗಡಿ ಇದ್ರೂ ಕುಡಿಸ್ಬಹುದು ಅಂತ ನರ್ಸಮ್ಮ ಹೇಳಿದಾರೆ. ಕೈ ತೊಳ್ಕೊಂಡು, ಮಾಸ್ಕ್ ಹಾಕ್ಕೊಂಡು..."

"ನರ್ಸಮ್ಮ ಗೇಟು ಕಾದಿದಾಳಾ? ಟ್ಯಾಂಕು ಕೆಟ್ಟ ಮೇಲೆ ನಲ್ಲೀಲಿ ಒಳ್ಳೆ ನೀರು ಬರುತ್ತೇನೆ?"

ಸೊಸೆ ಉತ್ತರ ಕೊಡಲು ಬಾಯಿ ತೆರೆದಳು. ಬಂದದ್ದು ಐದನೆಯ ಸೀನು!

"ನೋಡಿದ್ಯಾ!" ಎಂದವಳೇ ಗೇಟಮ್ಮ ಆಗಷ್ಟೇ ಹಾಲು ಕುಡಿದು ಮಲಗಿದ್ದ ಗುಂಡಿಯನ್ನು ಎತ್ತಿಕೊಂಡು ನಡೆದುಬಿಟ್ಟಳು. ಜ್ವರಕ್ಕೆ ಮೈಕೈ ಜಜ್ಜಿದಂತಾಗಿದ್ದ ಸೊಸೆಗೆ ಎದ್ದು ಹಿಂದೆ ಓಡುವ ತ್ರಾಣವಿರಲಿಲ್ಲ.

ಅರ್ಧ ಗಂಟೆಯಲ್ಲಿ ಗೇಟು ತಯಾರಾಯಿತು. ಎರಡು ಕೋಣೆಗಳ ನಡುವೆ ಒಂದು ಕುರ್ಚಿ. ಪಕ್ಕದಲ್ಲಿ ಬಕೆಟ್ಟು, ಸೋಪು. ತೊಡೆಯ ಮೇಲೆ ಒಂದು ಹಳೆಯ ನೋಟ್‌ಬುಕ್ಕು: ಯಾರು ಎಷ್ಟು ಹೊತ್ತಿಗೆ ಸೀನಿದರು, ಯಾರು ಕೆಮ್ಮಿದರು, ಎಲ್ಲ ದಾಖಲು! ಹಾಲಿನ ಬಾಟಲಿ ಮತ್ತು ಡಬ್ಬಿಯ ಹಾಲಿನ ಪುಡಿ ತರಲು ಮಗನನ್ನು ಔಷಧಿ ಅಂಗಡಿಗೆ ಓಡಿಸಿದ್ದಾಯಿತು. ಅವನು ವಾಪಸ್ಸು ಬಂದರೆ,

"ನಿಲ್ಲು! ಎಲ್ಲಿಂದ ಬಂದೆ?"

"ನೀನೇ ಕಳಿಸಿದ್ದಲ್ಲಮ್ಮಾ!"

"ಅದು ಬೇರೆ ಮಾತು. ಕೆಮ್ಮು ಇದೆಯಾ? ಜೇಬು ತೋರ್ಸು."

"ಕೆಮ್ಮನ್ನ ಯಾರಾದ್ರೂ ಜೇಬಲ್ಲಿ ಇಟ್ಕೊಂಡು ಬರ್ತಾರೇನಮ್ಮಾ?"

"ಕಾರ್ಖಾನೆ ಗೇಟಲ್ಲಿ ಎಂಥೆಂಥದನ್ನ ಎಲ್ಲೆಲ್ಲಿ ಇಟ್ಕೊಂಡು ಬಂದಿದಾರೆ ಅಂತ ನಿನಗೇನೋ ಗೊತ್ತು?" ಎನ್ನುತ್ತಲೇ ಗೇಟಮ್ಮನ ಮೂಗಿನ ತುದಿ ತುರಿಸಿತು. ಸೆರಗಿನಲ್ಲಿ ಮುಖ ಮುಚ್ಚಿ ಒಂದು ಸಲ ಸೀನಿದಳು. "ಧೂಳು," ಎಂದಳು. ನೋಟ್‌ಬುಕ್ಕಿನಲ್ಲಿ ಬರೆಯಲಿಲ್ಲ. ಗೇಟು ಕಾಯುವವರ ಚೀಲವನ್ನು ಯಾವ ಕಾರ್ಖಾನೆಯಲ್ಲೂ ಯಾರೂ ತಡವುವುದಿಲ್ಲವಷ್ಟೇ!

ಹತ್ತು ಗಂಟೆಗೆ ಗುಂಡಿ ಎದ್ದಳು. ಅಜ್ಜಿ ಬಾಟಲಿ ಹಿಡಿದಳು. ಗುಂಡಿ ಅದರ ತುದಿಯನ್ನು ನಾಲಿಗೆಯಿಂದ ತಡವಿ ನೋಡಿದಳು. ಥೇಟ್ ಅಜ್ಜಿಯದೇ ತಪಾಸಣೆ! ಇದು ತನ್ನ ಮಾಲಲ್ಲ ಎಂದು ಗೊತ್ತಾಗಿದ್ದೇ ತಡ, ಬಾಯಿಯ ಗೇಟನ್ನು ಭದ್ರವಾಗಿ ಮುಚ್ಚಿಕೊಂಡಳು. ಅಜ್ಜಿ ಮುದ್ದು ಮಾಡಿದಳು. ಮೊಮ್ಮಗಳು ಉಗಿದಳು. ಅಜ್ಜಿ ಸೀಟಿಯನ್ನು ಗಿಲಕಿಯಂತೆ ಆಡಿಸಿದಳು. ಮೊಮ್ಮಗಳು ಸೀಟಿಗಿಂತ ಜೋರಾಗಿ ಕಿರುಚಿದಳು.

ಸೋಲುವವಳೇ ಗೇಟಮ್ಮ? ತಂತಿಯ ಮೇಲೆ ಒಣಗುತ್ತಿದ್ದ ಸೊಸೆಯ ನೈಟಿ ಕಣ್ಣಿಗೆ ಬಿತ್ತು. ಸೀರೆಯ ಮೇಲೇ ಅದನ್ನು ಏರಿಸಿಕೊಂಡು, ಕೂದಲು ಬಿಚ್ಚಿಕೊಂಡು, ದನಿ ಸಣ್ಣ ಮಾಡಿ "ಬಾ ಕಂದಾ" ಎಂದು ಬಾಟಲಿಯನ್ನು ಎದೆಯ ಹತ್ತಿರ ಒತ್ತಿ ಹಿಡಿದಳು. ಗುಂಡಿ ಒಂದು ಗಳಿಗೆ ಸುಮ್ಮನಾದಳು. ಮೂಸಿದಳು. ತಲೆಯೆತ್ತಿ ನೋಡಿದಳು. ಆಮೇಲೆ ಬಂದ ಕಿರುಚಾಟಕ್ಕೆ ಪಕ್ಕದ ಮನೆಯವರು ಕಿಟಕಿ ತೆರೆದರು.

"ಅಮ್ಮಾ... ಏನಿದು ವೇಷ?" ಎಂದ ಮಗ, ನಗು ತಡೆಯಲಾರದೆ ಗೋಡೆಯ ಕಡೆ ತಿರುಗಿ.

"ಸುಮ್ನಿರೋ! ಇದು ಡ್ಯೂಟಿ!"

ಅಷ್ಟರಲ್ಲಿ ಆಚೆ ಕೋಣೆಯಿಂದ ಸೊಸೆಯ ದನಿ ಬಂತು. ಜ್ವರಕ್ಕೆ ಒಡೆದ ದನಿ. "ಅತ್ತೆ, ನನ್ನ ಎದೆ ಕಲ್ಲಾಗ್ತಿದೆ. ಅವಳು ಅತ್ತಾಗೆಲ್ಲ ಹಾಲು ಸುರೀತಿದೆ. ಕೊಟ್ಬಿಡಿ."

"ಇಲ್ಲ! ಗೇಟು ಅಂದ್ರೆ ಗೇಟು!"

ಆಚೆ ಕೋಣೆಯಲ್ಲಿ ನೀರು ಸುರಿಯುವ ಸದ್ದು. ಬಾಗಿಲು ತೆರೆಯಿತು. ಮೂಗು ಬಾಯಿ ಮುಚ್ಚುವ ಮಾಸ್ಕು, ಒಗೆದ ಅಂಗಿ, ಮೊಣಕೈಯವರೆಗೆ ತೊಳೆದು ತೊಟ್ಟಿಕ್ಕುವ ಕೈ. ಆಟದ ಟೀಚರು ಮೈದಾನಕ್ಕೆ ಇಳಿದಿದ್ದಳು.

ಗೇಟಮ್ಮ ಸೀಟಿ ಊದಿದಳು. ಪೀ...!

"ಊದಿ ಅತ್ತೆ, ಇನ್ನೂ ಜೋರಾಗಿ ಊದಿ. ಸೀಟಿ ಊದಿಯೇ ಅನ್ನ ತಿನ್ನೋಳು ನಾನು. ಅದಕ್ಕೆಲ್ಲ ಹೆದರ್ತೀನಾ? ಈ ಮಗು ನಂದು, ಹಾಲು ನಂದು. ನೆಗಡಿನೂ ನಂದೇ, ಅದನ್ನ ಮಾಸ್ಕ್ ಒಳಗೆ ಕಟ್ಟಿಟ್ಟಿದೀನಿ. ಬೇಕಾದ್ರೆ ತಡವಿ ನೋಡಿ. ಆಮೇಲೆ ಮಗು ಕೊಡಿ!"

ಗೇಟಮ್ಮ ತಡವಲಿಲ್ಲ. ಅವಳ ಕಣ್ಣು ಸೊಸೆಯ ಅಂಗಿಯ ಮೇಲೆ ನಿಂತುಬಿಟ್ಟಿತ್ತು. ಈಗಷ್ಟೇ ಹಾಕಿಕೊಂಡ ಅಂಗಿ, ಆಗಲೇ ಎರಡೂ ಕಡೆ ಒದ್ದೆ. ಅಂಥ ಒದ್ದೆಯನ್ನು ಕಾರ್ಖಾನೆಯ ಗೇಟಿನಲ್ಲಿ ಎಷ್ಟು ನೋಡಿರಲಿಲ್ಲ! "ಬಿಡಿ ಅಕ್ಕಾ, ಮನೇಲಿ ಮಗು ಕಾಯ್ತಿದೆ" ಎಂದ ಹೊಸ ತಾಯಂದಿರನ್ನು ಸಮಯಕ್ಕೆ ಮುಂಚೆಯೇ, ಸೂಪರ್‌ವೈಜರನ ಬೆನ್ನ ಹಿಂದೆ, ಕಣ್ಣು ಮುಚ್ಚಿ ಬಿಟ್ಟಿದ್ದಳು. ಅದೊಂದು ವಿಷಯದಲ್ಲಿ ಮಾತ್ರ ಅವಳ ಗೇಟು ಸಡಿಲ. ಕೈಗಳು ತಾವಾಗಿಯೇ ಮುಂದೆ ಚಾಚಿ ಮಗುವನ್ನು ಕೊಟ್ಟವು.

ಸೊಸೆ ಗೇಟಿನ ಕುರ್ಚಿಯ ಮೇಲೇ ಕೂತಳು. ಗುಂಡಿ ಒಂದು ಸಲ ಬಿಕ್ಕಿ, ಬಾಯಿ ಹಾಕಿದಳು. ಮನೆ ಎಷ್ಟು ನಿಶ್ಶಬ್ದವಾಯಿತೆಂದರೆ ಗುಟುಕು ಎಣಿಸಬಹುದಿತ್ತು. ಮಾಸ್ಕಿನ ಮೇಲೆ ಸೊಸೆಯ ಕಣ್ಣುಗಳು ತುಂಬಿಕೊಂಡು ಮುಚ್ಚಿದವು.

ಕೈ ಸೋತರೂ ಬಾಯಿ ಸೋಲಬೇಕಲ್ಲ! "ಫೋನ್ ಮಾಡೋ ಆ ನರ್ಸಮ್ಮನಿಗೆ. ಅವಳ ಬಾಯಿಂದಲೇ ಕೇಳ್ತೀನಿ," ಎಂದಳು ಗೇಟಮ್ಮ.

ಮಗ ಎಲ್ಲರಿಗೂ ಕೇಳುವಂತೆ ಫೋನಿಟ್ಟ. "ಅಜ್ಜಿ, ನೆಗಡಿ ಹಾಲಲ್ಲಿ ಹೋಗಲ್ಲ," ಎಂದಳು ನರ್ಸಮ್ಮ. "ಸೀನಿದಾಗ, ಕೆಮ್ಮಿದಾಗ, ತೊಳೀದ ಕೈಯಿಂದ ಹೋಗುತ್ತೆ. ಕಾಯಿಲೆ ಜೊತೆ ಹೋರಾಡೋಕೆ ತಾಯಿ ಮೈ ತಯಾರು ಮಾಡ್ಕೊಂಡಿರೋ ಶಕ್ತಿ ಹಾಲಲ್ಲಿ ಮಗೂಗೂ ಸಿಗುತ್ತೆ. ಹಾಲು ನಿಲ್ಲಿಸಿದ್ರೆ ಅದೂ ನಿಂತುಹೋಗುತ್ತೆ. ಮಾತ್ರೆ ಬೇಕಿದ್ರೆ ಮಾತ್ರ, ಹಾಲು ಕುಡಿಸ್ತಿದೀನಿ ಅಂತ ಡಾಕ್ಟ್ರಿಗೆ ಹೇಳಿ ತಗೊಳ್ಳಲಿ. ಮಗೂಗೆ ಜ್ವರ ಬಂದ್ರೆ, ಹಾಲು ಬಿಟ್ರೆ, ತಕ್ಷಣ ಕರ್ಕೊಂಡು ಬನ್ನಿ. ಅಂದ ಹಾಗೆ ಮನೇಲಿ ಇನ್ಯಾರಿಗಾದ್ರೂ..."

"ಆ... ಆ... ಆಕ್ಷೀ!!"

ಬಕೆಟ್ಟಿನ ನೀರು ಅಲುಗಿತು.

"ಯಾರದು ಸೀನಿದ್ದು?" ಎಂದಳು ನರ್ಸಮ್ಮ.

"ಗೇಟು," ಎಂದ ಮಗ.

"ಅದು ಧೂಳು!" ಎಂದಳು ಗೇಟಮ್ಮ.

"ಶುಕ್ರವಾರದಿಂದ ಧೂಳೇ ಅತ್ತೆ!" ಸೊಸೆ ಕಣ್ಣು ತೆರೆದಳು. "ನಾನು ಸೀನಿದ್ದು ಇವತ್ತು. ನೀವು ನಿಮ್ಮ ಕಾರ್ಖಾನೆ ಗೆಳತಿ ಮನೆಗೆ ಹೋಗಿ ಬಂದಿದ್ದು ಬುಧವಾರ. ಆಯಮ್ಮ ಮೂಗು ಒರೆಸ್ಕೊಂಡು ಒರೆಸ್ಕೊಂಡು ಮಾತಾಡಿದ್ಲು ಅಂತ ನೀವೇ ಹೇಳಿ ನಕ್ಕಿದ್ರಿ. ನೋಟ್‌ಬುಕ್ ಕೊಡಿ ಇಲ್ಲಿ. ನನ್ನ ಸೀನು ಹನ್ನೊಂದು, ಇವರ ಕೆಮ್ಮು ಒಂದು... ನಿಮ್ಮ ಹೆಸರೇ ಇಲ್ವಲ್ಲ!"

ಗೇಟಮ್ಮ ನೈಟಿಯನ್ನು ತಲೆಯ ಮೇಲಿಂದ ಎಳೆದು ತೆಗೆಯುವ ನೆಪದಲ್ಲಿ ಮುಖ ಮುಚ್ಚಿಕೊಂಡಳು. ಎಷ್ಟು ಹೊತ್ತಾದರೂ ಮುಖ ಹೊರಗೆ ಬರಲಿಲ್ಲ.

ಆಮೇಲಿನ ವಾರ ಕುರ್ಚಿ ಇದ್ದಲ್ಲೇ ಇತ್ತು, ಕಾಯುವ ಬಾಗಿಲು ಬದಲಾಯಿತು. ಒಳಗೆ ಮಲಗಿ ನರಳುತ್ತಿದ್ದವಳು ಗೇಟಮ್ಮ. ಹೊರಗೆ ಸೀಟಿ ಹಿಡಿದು ಕೂತವಳು ಸೊಸೆ, ತೊಡೆಯ ಮೇಲೆ ಚಪ್ಪರಿಸುತ್ತಿರುವ ಗುಂಡಿ. ಗುಂಡಿಗೆ ಎರಡು ದಿನ ಮೂಗು ಸೋರಿತು, ಅಷ್ಟೇ. ಒಂದು ಹೊತ್ತಿನ ಹಾಲನ್ನೂ ಬಿಡಲಿಲ್ಲ.

ಮೂರು ವಾರದ ನಂತರ ಲಸಿಕೆಯ ದಿನ. ಹೊರಡುವಾಗ ಗೇಟಮ್ಮ ಹೊಸ್ತಿಲಲ್ಲೇ ಸೊಸೆಯ ಚೀಲವನ್ನು ತಡವಿ ನೋಡಿ, "ಹ್ಞೂಂ, ಹೋಗು" ಎಂದಳು. ಅಭ್ಯಾಸ ಬಿಡಬೇಕಲ್ಲ! ಆಸ್ಪತ್ರೆಯಲ್ಲಿ ಸೊಸೆ ಗುಂಡಿಯನ್ನು ಎದೆಗೆ ಹಾಕಿಕೊಂಡೇ ಕೂತಳು. ಹಾಲು ಕುಡಿಯುವಾಗ ಚುಚ್ಚಿದರೆ ನೋವು ಕಡಿಮೆ ಎಂದು ನರ್ಸಮ್ಮ ಹೇಳಿದ್ದಳು. ಸೂಜಿ ಹೋಯಿತು. ಗುಂಡಿ "ಙೇ" ಎಂದು ಒಂದೇ ಸಲ ಆಕ್ಷೇಪಣೆ ಸಲ್ಲಿಸಿ, ಮತ್ತೆ ಕೆಲಸಕ್ಕೆ ಹಾಜರಾದಳು. ಮುಂದೆ ಸೊಸೆಗೆ ಫ್ಲೂ ಲಸಿಕೆ. ಹಾಲು ಕುಡಿಸುವವರೂ ಹಾಕಿಸಿಕೊಳ್ಳಬಹುದು ಎಂದು ಕೇಳಿದ್ದೇ ತಡ, ಅವಳು ತೋಳು ಚಾಚಿಯೂ ಆಗಿತ್ತು.

"ಈಗ ಅಜ್ಜಿ, ನಿಮಗೆ," ಎಂದಳು ನರ್ಸಮ್ಮ.

"ನನಗಾ? ಅಯ್ಯೋ, ಸೂಜಿಗಳ ನಡುವೆಯೇ ಬದುಕಿದ ಜೀವ ಇದು! ಚುಚ್ಚಮ್ಮ, ಎಷ್ಟು ಬೇಕೋ ಅಷ್ಟು ಚುಚ್ಚು!"

ನರ್ಸಮ್ಮ ಚುಚ್ಚಿದಳು. ಗೇಟಮ್ಮ ಕೂಗಿದಳು. ಆ ಕೂಗಿಗೆ ಸಾಲಿನಲ್ಲಿದ್ದ ಒಂಬತ್ತು ಮಕ್ಕಳು ಒಟ್ಟಿಗೆ ಅಳತೊಡಗಿದವು. ಅಳದೆ ಇದ್ದವಳು ಗುಂಡಿ ಒಬ್ಬಳೇ.

"ಏನಜ್ಜಿ, ಮೊಮ್ಮಗಳಿಗಿಂತ ಕಡೆಯಾದ್ರಲ್ಲ!" ಎಂದಳು ನರ್ಸಮ್ಮ.

"ಅವಳ ಬಾಯಲ್ಲಿ ಹಾಲಿತ್ತು! ನನ್ನ ಬಾಯಲ್ಲಿ ಏನಿತ್ತು?" ಗೇಟಮ್ಮ ಕಣ್ಣೊರೆಸಿಕೊಂಡು ಗದರಿದಳು.

"ಗೊತ್ತಿತ್ತು ಅತ್ತೆ," ಎಂದ ಸೊಸೆ ಚೀಲಕ್ಕೆ ಕೈ ಹಾಕಿದಳು. ಗುಂಡಿ ಉಗಿದಿದ್ದ ಅದೇ ಹಾಲಿನ ಬಾಟಲಿ, ಅದರ ತುಂಬ ಬಿಸಿನೀರು! "ನಿಮಗೆ ಅಂತಲೇ ತಂದೆ."

ಬೆಳಿಗ್ಗೆ ತಾನೇ ತಡವಿ, ತಾನೇ "ಹ್ಞೂಂ" ಎಂದು ಬಿಟ್ಟ ಚೀಲ! ಮೂವತ್ತೊಂದು ವರ್ಷ ಗೇಟು ಕಾದ ಗೇಟಮ್ಮನ ಕಣ್ಣು ತಪ್ಪಿಸಿ ಗೇಟು ದಾಟಿದ ಮೊದಲ ಮಾಲು ನೆಗಡಿ, ಎರಡನೆಯದು ಇದು. ಅವಳು ಅತ್ತ ನೋಡಿದಳು, ಇತ್ತ ನೋಡಿದಳು. ಗಂಟಲು ಒಣಗಿತ್ತು. ಸೆರಗು ಮುಚ್ಚಿಕೊಂಡು ಒಂದು ಗುಟುಕು ಎಳೆದಳು.

ಉಗಿಯಲಿಲ್ಲ.