ಒಂದು ತೊಲದ ಗುಂಡು

ಪರದೇಶಕ್ಕೆ ಬಂದು ನೆಲೆಸಿದವನಿಗೆ ಒಂದು ದೊಡ್ಡ ಅನುಕೂಲವಿದೆ. ಅವನ ತಾತನನ್ನು ಕಂಡವರು ಅಲ್ಲಿ ಯಾರೂ ಇರುವುದಿಲ್ಲ. ಮೈಸೂರಿನಲ್ಲಾದರೆ ನಾನು ಬಾಯಿ ತೆರೆಯುವ ಮೊದಲೇ ಯಾರಾದರೊಬ್ಬರು "ನೀನು ತಾಲೂಕು ಕಚೇರಿ ಗುಮಾಸ್ತರ ಮೊಮ್ಮಗ ಅಲ್ವೇನಯ್ಯಾ?" ಎಂದು ಕೇಳಿ ನನ್ನನ್ನು ನನ್ನ ಜಾಗದಲ್ಲಿ ಕೂರಿಸಿಬಿಡುತ್ತಿದ್ದರು. ಅಟ್ಲಾಂಟಾದಿಂದ ಉತ್ತರಕ್ಕಿರುವ ಕಮ್ಮಿಂಗ್‌ನಲ್ಲಿ ಆ ಭಯವಿಲ್ಲ. ಇಲ್ಲಿ ತಾತನನ್ನು ಎಷ್ಟು ಎತ್ತರಕ್ಕೆ ಬೇಕಾದರೂ ಬೆಳೆಸಬಹುದು. ತೊಂಬತ್ತರ ದಶಕದ ನಡುವೆ ನಾನೂ ಬೆಳೆಸಿದೆ, ಅನುಭವಿಸಿದೆ.

ನಮ್ಮ ಪಕ್ಕದ ಮನೆಯ ಗ್ಯಾರಿ, ವಾಷಿಂಗ್ಟನ್ ಹತ್ತಿರ ಯಾವುದೋ ಸರ್ಕಾರಿ ಕಚೇರಿಯಲ್ಲಿ ದುಡಿದು ನಿವೃತ್ತನಾಗಿ ಹಿಂದಿನ ವರ್ಷವಷ್ಟೇ ಇಲ್ಲಿಗೆ ಬಂದವನು. ನನ್ನ ಕಾರು ಕೈಕೊಟ್ಟಾಗ ಒಂದು ವಾರ ಪೂರ್ತಿ ನನ್ನನ್ನು ಅಲ್ಫರೆಟಾದ ಆಫೀಸಿಗೆ ಬಿಟ್ಟು ಬಂದ ಪುಣ್ಯಾತ್ಮ. ಇಡೀ ಬೀದಿಯಲ್ಲಿ ನನ್ನ ಹೆಸರು ಹಿಡಿದು ಕರೆಯುವವನು ಅವನೊಬ್ಬನೇ. ಒಂದು ಭಾನುವಾರ ಅವನ ಹಿತ್ತಲಿನಲ್ಲಿ ಎಲ್ಲರೂ ಮಾಂಸ ಸುಡುತ್ತಿರುವಾಗ ನಾನು ಸಸ್ಯಾಹಾರಿಗಳ ಪಾಲಿನ ಜೋಳದ ತೆನೆ ಹಿಡಿದು ನಿಂತಿದ್ದೆ. "ಶ್ರೀನಿ, ನಿಮ್ಮ ಮೈಸೂರಿನ ಕಡೆ ಹುಲಿಗಳಿವೆಯಂತೆ. ನಿಮ್ಮ ಮನೆಯಲ್ಲಿ ಯಾರಾದರೂ ಬೇಟೆಯಾಡಿದ್ದಾರಾ?" ಎಂದು ಗ್ಯಾರಿ ಕೇಳಿದ. ಇಲ್ಲ ಎಂದರೆ ಮುಗಿಯುತ್ತಿತ್ತು. ಕೈಯಲ್ಲಿದ್ದ ಜೋಳದ ತೆನೆಯ ಅವಮಾನವೋ ಏನೋ, "ನಮ್ಮ ತಾತ ಮಹಾರಾಜರ ಜೊತೆ ಶಿಕಾರಿಗೆ ಹೋಗುತ್ತಿದ್ದರು" ಎಂದುಬಿಟ್ಟೆ. ನಮ್ಮ ತಾತ ಜೀವಮಾನದಲ್ಲಿ ಬೇಟೆಯಾಡಿದ ಅತಿ ದೊಡ್ಡ ಪ್ರಾಣಿ ತಿಗಣೆ. ಅದಕ್ಕೂ ಬಿಸಿನೀರು ಕಾಯಿಸಿ ಕೊಡುತ್ತಿದ್ದವರು ಅಜ್ಜಿ.

ಅಕ್ಟೋಬರಿನಲ್ಲಿ ಗ್ಯಾರಿ ಹೊಸ ರಿವಾಲ್ವರ್ ಒಂದನ್ನು ಕೊಂಡು ತಂದ. ನವೆಂಬರಿನಲ್ಲಿ ಜಿಂಕೆ ಬೇಟೆಗೆ ಅದೇ. ಬೆಟ್ಟದ ಕಾಡಿನಲ್ಲಿ ತಿರುಗಾಡುವಾಗ ಕರಡಿ, ಹಂದಿ ಎದುರಾದರೆ ಸೊಂಟದಲ್ಲಿರಲಿ ಎಂದೂ ಅದೇ. "ಎರಡಕ್ಕೂ ಆಗುವಂಥ ಗುಂಡು ಯಾವುದು ಅಂತ ನೀನೇ ಆರಿಸಿಕೊಡು. ನಿನ್ನ ರಕ್ತದಲ್ಲೇ ಇದೆಯಲ್ಲ" ಎಂದ. ನಾನು ಗಂಭೀರವಾಗಿ ತಲೆಯಾಡಿಸಿ ಮೂರು ದಿನ ಟೈಮ್ ಕೇಳಿದೆ.

ಆ ಮೂರು ದಿನ ನಾನು ಪಟ್ಟ ಪಾಡು ಯಾರಿಗೂ ಬೇಡ. ಪುಸ್ತಕದಂಗಡಿಯಲ್ಲಿ ನಿಂತು ಬೇಟೆಯ ಪತ್ರಿಕೆಗಳನ್ನೆಲ್ಲ ಓದಿದೆ. ಮನೆ ಕೊಳ್ಳುವಾಗಲೂ ಅಷ್ಟು ಓದಿರಲಿಲ್ಲ. ಮೂತಿಯಲ್ಲಿ ತೂತಿರುವ ಗುಂಡು, ಮೂತಿ ಮೆತ್ತಗಿರುವ ಗುಂಡು, ಎಲ್ಲ ಕಡೆಯೂ ಗಟ್ಟಿಯಾಗಿರುವ ಗುಂಡು. ತೂಕ ನೂರ ಇಪ್ಪತ್ತೈದು ಗ್ರೇನ್, ನೂರ ಐವತ್ತೆಂಟು, ನೂರ ಎಂಬತ್ತು. ಈ ಗ್ರೇನ್ ಎಂದರೆ ಎಷ್ಟು ಎಂಬುದೇ ನನ್ನ ತಲೆಗೆ ಹೋಗಲಿಲ್ಲ. ಅಡುಗೆಮನೆಯ ಮೇಜಿನ ಮೇಲೆ ಪಟ್ಟಿ ಹರಡಿಕೊಂಡು ಕೂತಿದ್ದಾಗ ನನ್ನ ಹೆಂಡತಿ ಸುಮಿತ್ರಾ ಬಂದು ನಿಂತಳು. ವಿಷಯ ಹೇಳಲೇಬೇಕಾಯಿತು.

ಕೇಳಿ ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ನಿಮ್ ತಾತಾನಾ? ಮೈಮೇಲೆ ಹಲ್ಲಿ ಬಿದ್ರೆ ತಲೆಗೆ ಸ್ನಾನ ಮಾಡ್ತಿದ್ರಂತಲ್ಲ! ಸುಮ್ನೆ ಹೋಗಿ ಗ್ಯಾರಿಗೆ ಸತ್ಯ ಹೇಳ್ಬಿಡ್ರೀ."

"ಹೇಗೆ ಹೇಳ್ಲೇ? ಇರೋ ಒಬ್ಬ ಫ್ರೆಂಡೂ ಹೋಗ್ತಾನೆ" ಎಂದೆ. ತಮಾಷೆಯಲ್ಲ, ನನಗೆ ನಿಜವಾಗಿಯೂ ಭಯವಾಗಿತ್ತು. ಸುಳ್ಳುಗಾರ ಎಂದು ಗೊತ್ತಾದ ಮೇಲೆ ಅವನು ಬೇಲಿಯ ಆಚೆಯಿಂದ ಬರೀ ಕೈಬೀಸಿ ಒಳಗೆ ಹೋಗುವುದನ್ನು ನೆನೆಸಿಕೊಂಡು ಪಟ್ಟಿಯನ್ನು ಮತ್ತೆ ಮೊದಲಿನಿಂದ ಓದತೊಡಗಿದೆ.

ಸುಮಿತ್ರಾಳಿಗೆ ಕನಿಕರ ಬಂತು. ಪಟ್ಟಿ ಎಳೆದುಕೊಂಡು ನೋಡಿದಳು. ಅವಳ ತಂದೆ ಚಿನ್ನದ ಅಂಗಡಿಯಲ್ಲಿ ಮೂವತ್ತು ವರ್ಷ ತಕ್ಕಡಿ ಹಿಡಿದವರು. "ಅಯ್ಯೋ, ನೂರ ಎಂಬತ್ತು ಗ್ರೇನ್ ಅಂದ್ರೆ ಸರಿಯಾಗಿ ಒಂದು ತೊಲ ಕಣ್ರೀ! ನೂರ ಐವತ್ತೆಂಟು ತೊಲಕ್ಕೆ ಸ್ವಲ್ಪ ಕಮ್ಮಿ. ನೂರ ಇಪ್ಪತ್ತೈದು ಮುಕ್ಕಾಲು ತೊಲಾನೂ ಇಲ್ಲ" ಎಂದಳು. ನನಗೆ ಜ್ಞಾನೋದಯವಾಯಿತು. ಓಲೆ, ಉಂಗುರ, ಬಳೆ ಎಂದು ಯೋಚಿಸಿದ ಕೂಡಲೇ ಅಮೆರಿಕದ ಮದ್ದುಗುಂಡಿನ ಶಾಸ್ತ್ರವೆಲ್ಲ ಅರ್ಥವಾಗತೊಡಗಿತು.

ಶನಿವಾರ ಗ್ಯಾರಿಯ ಜೊತೆ ನಾವಿಬ್ಬರೂ ಮದ್ದುಗುಂಡಿನ ಅಂಗಡಿಗೆ ಹೋದೆವು. ಗೋಡೆಗೆ ಜಿಂಕೆಯ ತಲೆಗಳನ್ನು ನೇತುಹಾಕಿದ್ದ ಆ ಅಂಗಡಿಯಲ್ಲಿ ಸುಮಿತ್ರಾ ಮದುವೆ ಒಡವೆಗೆ ಬಂದವಳಂತೆ ಸ್ಟೂಲ್ ಎಳೆದುಕೊಂಡು ಕೂತಳು. ಅಂಗಡಿಯವನು ಮೊದಲು ಮೂತಿಯಲ್ಲಿ ತೂತಿರುವ ಹಗುರ ಗುಂಡು ತೋರಿಸಿದ. "ಒಳಗೆ ಪೊಳ್ಳು. ಬೇಡ ಅನ್ನಿ" ಎಂದು ನನಗೆ ಕನ್ನಡದಲ್ಲಿ ಹೇಳಿದಳು. ನಾನು ಕಣ್ಣು ಕಿರಿದು ಮಾಡಿ, ಇದು ಜಿಂಕೆಯ ಚರ್ಮದಾಚೆ ಹೋಗಲಿಕ್ಕಿಲ್ಲ ಎಂದೆ. ಅಂಗಡಿಯವನು ಹುಬ್ಬೇರಿಸಿ ಒಪ್ಪಿದ. ಆಮೇಲೆ ನೂರ ಎಂಬತ್ತು ಗ್ರೇನಿನದು ಬಂತು: ಒಳಗೆ ಸೀಸ, ಮೈಗೆ ತಾಮ್ರದ ಹೊದಿಕೆ, ಮೂತಿ ಮಾತ್ರ ಮೆತ್ತಗೆ. "ಇದೂ ಕವರಿಂಗ್ ಒಡವೇನೇ. ಆದ್ರೆ ತೊಲ ಸರಿಯಾಗಿದೆ, ತಗೊಳ್ಳಿ" ಎಂದು ಅಪ್ಪಣೆಯಾಯಿತು. ಜಿಂಕೆಗೆ ಹಿಗ್ಗುತ್ತದೆ, ಕರಡಿಗಾದರೆ ತೂಕದಿಂದ ಆಳಕ್ಕೆ ಇಳಿಯುತ್ತದೆ ಎಂದು ಅಂಗಡಿಯವನೂ ಹೊಗಳಿದ. ಗ್ಯಾರಿ ನನ್ನ ಬೆನ್ನು ತಟ್ಟಿದ. "ಬೇಟೆಗೆ ನೀನೂ ಬರಲೇಬೇಕು" ಎಂದ.

ಹೊರಡುವ ದಿನ ಸುಮಿತ್ರಾ ಪುಳಿಯೋಗರೆ ಕಟ್ಟಿಕೊಟ್ಟು, "ಸತ್ಯ ಹೇಳಿ ಮನೆಗೆ ಬನ್ನಿ. ಇಲ್ದಿದ್ರೆ ನಾನೇ ಹೇಳ್ತೀನಿ" ಎಂದಳು.

ಮರಕ್ಕೆ ಕಟ್ಟಿದ ಅಟ್ಟಣೆಯ ಮೇಲೆ ಕಿತ್ತಳೆ ಬಣ್ಣದ ಅಂಗಿ ತೊಟ್ಟು ಇಬ್ಬರೂ ಕೂತೆವು. ರಿವಾಲ್ವರ್ ಗ್ಯಾರಿಯದು, ಭಯ ನನ್ನದು. ಬಿಸಿಲೇರುವ ಹೊತ್ತಿಗೆ ಒಂದು ಜಿಂಕೆ ಬಂದು ಮೂವತ್ತು ಹೆಜ್ಜೆ ದೂರದಲ್ಲಿ ನಿಂತಿತು. ಗ್ಯಾರಿ ರಿವಾಲ್ವರ್ ಎತ್ತಿದ. ಅದು ಅವನ ಕೈಯಲ್ಲಿ ಗಡಗಡ ನಡುಗುತ್ತಿತ್ತು. ಜಿಂಕೆ ನಮ್ಮಿಬ್ಬರನ್ನೂ ಸಾವಕಾಶವಾಗಿ ನೋಡಿ, ಎರಡು ಎಲೆ ತಿಂದು, ಹೊರಟುಹೋಯಿತು.

ಗ್ಯಾರಿ ರಿವಾಲ್ವರ್ ಕೆಳಗಿಟ್ಟ. ಅವನ ಕಿವಿ ಕೆಂಪಗಾಗಿತ್ತು. "ಶ್ರೀನಿ, ನಿನಗೆ ಸುಳ್ಳು ಹೇಳಿ ಕರೆತಂದೆ. ನಾನು ಜನ್ಮದಲ್ಲಿ ಒಂದು ಇಲಿಯನ್ನೂ ಹೊಡೆದಿಲ್ಲ. ಮೂವತ್ತು ವರ್ಷ ಫೈಲ್ ಜೋಡಿಸಿದವನು. ಇಲ್ಲಿ ಎಲ್ಲರೂ ಬೇಟೆಗಾರರು, ನಾನೂ ಹೌದು ಎಂದು ಹೇಳಿಕೊಂಡುಬಿಟ್ಟೆ. ನಿನ್ನನ್ನು ನೋಡಿ ಕಲಿಯೋಣ ಅಂದುಕೊಂಡೆ. ಕ್ಷಮಿಸು" ಎಂದ.

ನನ್ನ ಎದೆಯ ಮೇಲಿನ ಭಾರವೆಲ್ಲ ಒಮ್ಮೆಗೇ ಇಳಿಯಿತು. ಇದಕ್ಕಿಂತ ಒಳ್ಳೆಯ ಗಳಿಗೆ ಇನ್ನೆಲ್ಲಿ ಸಿಗಬೇಕು? ಇಬ್ಬರೂ ಗುಮಾಸ್ತರ ಕುಲದವರೇ. "ಗ್ಯಾರಿ..." ಎಂದು ಶುರುಮಾಡಿದೆ. ಅವನು ತಲೆಯೆತ್ತಿ, ಗುರುವಿನ ಮುಂದೆ ತಪ್ಪೊಪ್ಪಿಕೊಂಡ ಶಿಷ್ಯನ ಹಾಗೆ ನನ್ನನ್ನು ನೋಡಿದ. ನಾನು ಅವನ ಹೆಗಲ ಮೇಲೆ ಕೈಯಿಟ್ಟೆ. "ಬೇಸರ ಮಾಡಿಕೊಳ್ಳಬೇಡ. ಮೊದಲ ಸಲ ಹುಲಿ ಕಂಡಾಗ ನಮ್ಮ ತಾತನ ಕೈಯೂ ಹೀಗೇ ನಡುಗಿತ್ತಂತೆ" ಎಂದೆ.

ಪಾಪ, ಅವನು ನನ್ನ ಕೈ ಹಿಡಿದು ಕಣ್ಣು ಒರೆಸಿಕೊಂಡ. ಅಟ್ಟಣೆಯ ಮೇಲೆ ಸತ್ಯ ಹೇಳಿದವನು ಅವನು. ದೊಡ್ಡ ಮನಸ್ಸು ಮಾಡಿ ಕ್ಷಮಿಸಿದವನು ನಾನು.

ಮನೆ ಬಾಗಿಲಲ್ಲೇ ಸುಮಿತ್ರಾ ಕಾಯುತ್ತಿದ್ದಳು. "ಏನಾಯ್ತ್ರೀ? ಬೇಜಾರು ಮಾಡ್ಕೊಂಡ್ನಾ?"

"ಒಂದು ಚೂರೂ ಇಲ್ಲ ಕಣೇ. ಈಗ ಮೊದಲಿಗಿಂತ ಹತ್ತಿರ ಆಗಿದ್ದೀವಿ" ಎಂದೆ. ಆ ವರ್ಷ ನಾನು ಬೇಟೆಯ ವಿಚಾರವಾಗಿ ಆಡಿದ ಮಾತುಗಳಲ್ಲಿ ಅಕ್ಷರಶಃ ನಿಜವಾದದ್ದು ಅದೊಂದೇ.